ಟಿಫನ್ ಡಬ್ಬಿಯಲ್ಲಿ ದಾಸವಾಳ

ಕದ್ದು ತಂದ ಗಿಡವೇ ಚೆನ್ನಾಗಿ ಬರೋದು ಅಂತ ನಮ್ಮಮ್ಮ ಯಾವಾಗಲೂ ಹೇಳುತ್ತಿದ್ದಳು. ಅದನ್ನು ನಂಬಿ, ವೈರಿಂಗ್ ಕೆಲಸಕ್ಕೆ ಹೋಗಿದ್ದ ಚಿನ್ನದ ಗಣಿಯ ಆಫೀಸಿನ ಅಂಗಳದಲ್ಲಿ ಹಳದಿ ದಾಸವಾಳದ ಒಂದು ಕಡ್ಡಿ ಮುರಿದುಕೊಂಡೆ. ರೈಲಲ್ಲಿ ಬಂಗಾರಪೇಟೆ ಮುಟ್ಟುವವರೆಗೆ ಬಾಡದಿರಲಿ ಅಂತ ಖಾಲಿ ಟಿಫನ್ ಡಬ್ಬಿಗೆ ಒದ್ದೆ ಮಣ್ಣು ತುಂಬಿ ಅದರಲ್ಲಿ ಕಡ್ಡಿ ಊರಿದೆ. ಚಿನ್ನದ ಗಣಿಯಿಂದ ಡಬ್ಬಿಯಲ್ಲಿ ಮಣ್ಣು ಸಾಗಿಸುತ್ತಿದ್ದೇನೆ ಅನ್ನೋದು ತಲೆಗೆ ಹೊಳೆದದ್ದು, ಗೇಟಿನ ಕಾವಲುಗಾರರೊಬ್ಬರು ಮುಚ್ಚಳ ತೆಗೆದಾಗ.

ಅವರು ಮಣ್ಣನ್ನು ತಟ್ಟೆಗೆ ಸುರಿದು, ಚಿನ್ನದ ಕಣ ಇದೆಯಾ ಅಂತ ನೀರು ಹಾಕಿ ಆಡಿಸತೊಡಗಿದರು. ಹಿಂದಿನ ತಿಂಗಳು ಇದೇ ಗೇಟಿನಲ್ಲಿ ಚಿನ್ನದ ಮಣ್ಣು ಕದ್ದ ಒಬ್ಬನನ್ನು ಪೊಲೀಸ್ ಜೀಪಿಗೆ ಹತ್ತಿಸಿದ್ದನ್ನು ನಾನೇ ಕಂಡಿದ್ದೆ. ತಟ್ಟೆಯಲ್ಲಿ ಏನೋ ಮಿನುಗಿತು. ಅವರು ಬೆರಳಲ್ಲಿ ಉಜ್ಜಿ ನೋಡಿ, "ಕಾಗೆ ಬಂಗಾರ" ಅಂದರು. ಬರೀ ಅಭ್ರಕದ ಚೂರು.

ಆಮೇಲೆ ಕಡ್ಡಿಯನ್ನು ಎತ್ತಿ ಹಿಡಿದರು. "ಇದು ಕೇಳಿ ತಂದಿದ್ದೋ, ಕದ್ದಿದ್ದೋ?"

"ಕದ್ದಿದ್ದು ಸಾರ್."

"ಅಂಗಾದ್ರೆ ಚೆನ್ನಾಗಿ ಬತ್ತದೆ. ನಂಗೂ ಅರ್ಧ ಮುರ್ಕೊಟ್ಟು ಓಗು."

ನನ್ನ ಅರ್ಧ ಒಣಗಿಹೋಯಿತು. ಅವರದು ಗೇಟಿನ ಪಕ್ಕದಲ್ಲೇ ಆಳೆತ್ತರ ಬೆಳೆದು ಹೂ ಬಿಟ್ಟಿತು. ಹೆದರಿಸಿ ಇಸಕೊಂಡದ್ದು ಇನ್ನೂ ಚೆನ್ನಾಗಿ ಬರುತ್ತೆ ಅಂತ ಅಮ್ಮ ಹೇಳಿರಲಿಲ್ಲ.