ಹುಬ್ಬು ತಿದ್ದಿದ ಚುಕ್ಕೆಯಮ್ಮ

ಬೆಳಕು ಹರಿಯುವ ಹೊತ್ತಿಗೆ ಚುಕ್ಕೆಯಮ್ಮ ಫೋಟೋ ಸ್ಟುಡಿಯೋದ ಕಿಟಕಿಯ ಪಕ್ಕ ಕೂತಾಗಿದೆ. ಕುಂಚದ ತುದಿಯನ್ನು ತುಟಿಗೆ ತಾಗಿಸಿ ಚೂಪು ಮಾಡುತ್ತಾರೆ. ಹೆಬ್ಬೆರಳಿನ ಉಗುರಿನ ಮೇಲೆ ಬೂದುಬಣ್ಣದ ಗೆರೆ ಎಳೆದು ನೋಡಿ, ಇನ್ನಷ್ಟು ನೀರು ಬೆರೆಸುತ್ತಾರೆ. ಬಿಸಿಲೇರಿದರೆ ಪಟ ಹೊಳೆಯತೊಡಗಿ ನೆರಳು ಯಾವುದು, ಮಸಿ ಯಾವುದು ತಿಳಿಯುವುದಿಲ್ಲ. ಹಾಗಾಗಿ ಮುಖದ ಕೆಲಸವೆಲ್ಲ ಈ ತಂಪು ಬೆಳಕಿನಲ್ಲೇ.

"ಅಮ್ಮ, ತುಟಿ ಒರೆಸ್ಕೋ. ಗಿರಾಕಿಗಳು ಮೊದ್ಲು ನಿನ್ನ ಮುಖ ತಿದ್ದಿಸ್ಕೋ ಅಂದಾರು," ಎಂದು ಕಂಪ್ಯೂಟರಿನ ಮುಂದೆ ಕೂತ ಮಗಳು ಛೇಡಿಸುತ್ತಾಳೆ.

ಹಳೆಯ ಪಟಗಳಲ್ಲಿ ಗೀರು ಬಿದ್ದ, ಹುಳು ತಿಂದ ಜಾಗಗಳು ಬಿಳಿ ಚುಕ್ಕೆಗಳಾಗಿ ಉಳಿಯುತ್ತವೆ. ಅವನ್ನು ಒಂದೊಂದಾಗಿ ಮುಚ್ಚುವ ಕಸುಬೇ ಈಕೆಗೆ ಹೆಸರಿಟ್ಟಿದೆ. ಕಲಿಸಿದವರು ಮಾವ. "ಮೊದಮೊದ್ಲು ಬರೀ ಗೋಡೆ, ಪರದೆ, ಬಟ್ಟೆ. ಮುಖ ಮುಟ್ಟೋಕೇ ಬಿಡ್ತಿರ್ಲಿಲ್ಲ. ಬಟ್ಟೆ ಕೆಟ್ರೆ ಬೈತಾರೆ ಕಣಮ್ಮ, ಮುಖ ಕೆಟ್ರೆ ಅಳ್ತಾರೆ ಅನ್ನೋರು," ಎಂದು ಚುಕ್ಕೆಯಮ್ಮ ನೆನೆಯುತ್ತಾರೆ.

ಮಾವ ಹೋದರು, ಗಂಡನೂ ಹೋದ. ಆಮೇಲೆ ಕುಂಚದ ಕಾಲವೇ ಮುಗಿಯಿತು ಎಂದರು ಜನ. ಚುಕ್ಕೆಯಮ್ಮ ಚೌಕಟ್ಟುಗಳ ಹಿಂಬದಿಗೆ ರಟ್ಟು ಕತ್ತರಿಸಿ ಕೂರಿಸುತ್ತ ಮಗಳನ್ನು ಓದಿಸಿದರು. ಕಣ್ಣಿಗೆ ಪೊರೆ ಬಂತು, ತೆಗೆಸಿದರು. ಈಗ ಮಗಳು ಕಂಪ್ಯೂಟರಿನಲ್ಲಿ ಪಟ ತೊಳೆದು ಹಿಗ್ಗಿಸಿ ಮುದ್ರಿಸುತ್ತಾಳೆ, ತಾಯಿ ಅದಕ್ಕೆ ಉಸಿರು ತುಂಬುತ್ತಾರೆ. ದಿನಕ್ಕೆ ಎರಡೋ ಮೂರೋ ಮುಖ, ಅಷ್ಟೇ.

ಇಂದು ಕೈಯಲ್ಲಿರುವ ಮುಖದ್ದೊಂದು ಕಥೆ. ನಿವೃತ್ತ ಬಸ್ ಚಾಲಕರೊಬ್ಬರ ತೀರಿಹೋದ ಹೆಂಡತಿ ಈಕೆ. ಇದ್ದದ್ದೇ ಒಂದು ಪಟ, ಅದರ ಅರ್ಧ ಮುಖವನ್ನು ಗೋಡೆಯ ತೇವ ತಿಂದಿತ್ತು. ಚುಕ್ಕೆಯಮ್ಮನ ಮಗಳು ಉಳಿದ ಅರ್ಧವನ್ನೇ ತಿರುಗಿಸಿ ಪಕ್ಕಕ್ಕೆ ಜೋಡಿಸಿದಳು. ಮುಖವೇನೋ ಲಕ್ಷಣವಾಗಿ ಬಂತು. ಒಂದು ಕೆನ್ನೆಯ ಮಚ್ಚೆ ಮಾತ್ರ ಎರಡೂ ಕೆನ್ನೆಗೆ ಬಂತು.

ವಾರದಲ್ಲೇ ಚಾಲಕರ ಮಗಳು ಪಟ ವಾಪಸು ತಂದಳು. "ಅಪ್ಪನಿಗೆ ಮರೆವು, ಆಂಟಿ. ನಮ್ಮ ಹೆಸರೂ ತಪ್ಪಿಹೋಗುತ್ತೆ. ಆದ್ರೂ ದಿನಾ ಬೆಳಿಗ್ಗೆ ಅಮ್ಮನ ಪಟದ ಜೊತೆ ಮಾತಾಡೋರು. ಇದನ್ನ ಹಾಕಿದ ಮೇಲೆ ಮಾತೇ ನಿಂತುಹೋಯ್ತು. ಯಾರೋ ಒಳ್ಳೆ ಹೆಂಗಸು, ನಮ್ಮನೇಲಿ ಯಾಕಿದಾಳೆ ಅಂತಾರೆ."

ಒಂದು ಮಚ್ಚೆ ಅಳಿಸಿದರೆ ಸಾಕೆಂದಳು ಚುಕ್ಕೆಯಮ್ಮನ ಮಗಳು. ತಾಯಿ ಒಪ್ಪಲಿಲ್ಲ. "ಪಟ ನೋಡ್ತಾ ನೋಡ್ತಾ ಮುಖ ಮರೆತುಹೋಗುತ್ತೆ ಪುಟ್ಟಿ. ಆಮೇಲೆ ಪಟನೇ ಮುಖ. ನಾವು ತಪ್ಪು ಬರೆದ್ರೆ ಆ ತಾಯಿ ಇನ್ನೊಂದ್ಸಲ ಸತ್ತ ಹಾಗೆ. ಯಜಮಾನ್ರನ್ನೇ ಕರಕೊಂಡು ಬರೋಕೆ ಹೇಳು."

ಚಾಲಕರು ಬಂದರು. ಹೆಂಡತಿಯ ಕಣ್ಣು ಹೇಗಿತ್ತು, ಹುಬ್ಬು ಹೇಗಿತ್ತು ಎಂದು ಚುಕ್ಕೆಯಮ್ಮ ಕೇಳಲೇ ಇಲ್ಲ. "ಅಣ್ಣ, ನೀವು ತಡವಾಗಿ ಮನೆಗೆ ಹೋದ್ರೆ ಅಕ್ಕ ಏನನ್ನೋರು?"

ಮುದುಕರ ಮೈಯಲ್ಲಿ ಚುರುಕು ಬಂತು. ಸೊಂಟದ ಮೇಲೆ ಕೈಯಿಟ್ಟು ಹೆಂಡತಿಯನ್ನು ಅಣಕಿಸಿದರು: "ಬಂದ್ರಾ ಮಹಾರಾಜರು? ಬಸ್ಸು ತಳ್ಳಿಕೊಂಡು ಬಂದ್ರೋ?" ಹಾಗೆನ್ನುವಾಗ ಅವರ ಒಂದು ಹುಬ್ಬು ಸರ್ರನೆ ಮೇಲೇರಿತು, ಆ ಕಡೆಯ ತುಟಿ ತುಸು ಓರೆಯಾಯಿತು. ಪಟದಲ್ಲಿ ತೇವ ತಿಂದಿದ್ದು ಆ ಕಡೆಯನ್ನೇ.

ಅದನ್ನೇ ಈಗ ಬರೆಯುತ್ತಿದ್ದಾರೆ ಚುಕ್ಕೆಯಮ್ಮ. ಹೆಚ್ಚುವರಿ ಮಚ್ಚೆ ಹೋಯಿತು. ಹುಬ್ಬು ಕೂದಲೆಳೆಯಷ್ಟು ಮೇಲೆ ಸರಿಯಿತು. ಮಗಳು ಬಗ್ಗಿ ನೋಡಿ, "ಮುಂಚಿನಷ್ಟು ಚೆಂದ ಇಲ್ಲಮ್ಮ," ಎನ್ನುತ್ತಾಳೆ.

"ಇರಲಿ ಬಿಡು. ಚೆಂದ ಯಾರಿಗೆ ಬೇಕಾಗಿದೆ?"

ಬಣ್ಣ ಆರಿದ ಮೇಲೆ ತಂದೆ ಮಗಳು ಬರುತ್ತಾರೆ. ಚಾಲಕರು ಪಟವನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸುತ್ತಾರೆ. ಮುದುಕರ ದನಿ ಏರುತ್ತದೆ.

"ಏನೇ ಹಾಗೆ ಗುರಾಯಿಸ್ತೀಯ? ಬಂದೆ ಅಂದ್ನಲ್ಲ!"

ಅವರ ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾಳೆ, ನಗುವೋ ಅಳುವೋ ಗೊತ್ತಾಗುವುದಿಲ್ಲ. ಚುಕ್ಕೆಯಮ್ಮ ಕುಂಚ ತೊಳೆಯುತ್ತ, ತುಟಿಯ ಮಸಿಯನ್ನು ಕೊನೆಗೂ ಒರೆಸಿಕೊಳ್ಳುತ್ತಾರೆ.

"ಗಂಡ ಹೆಂಡ್ತಿ ಜಗಳ ಮತ್ತೆ ಶುರುವಾಯ್ತಲ್ಲ," ಎನ್ನುತ್ತಾರೆ, "ನನ್ನ ಕೆಲಸ ಮುಗೀತು."