ವರ್ಲೀನ್ ಆರಿಸಿಕೊಂಡ ಗುಂಡು

ಏಪ್ರಿಲ್ ತಿಂಗಳಲ್ಲಿ ನಮ್ಮ ಕಣಿವೆಯ ಕುದುರೆಮಸಾಲೆ ಹೊಲಗಳನ್ನು ದೂರದಿಂದ ನೋಡಿದರೆ ನೆಲವೇ ಉಸಿರಾಡುತ್ತಿರುವಂತೆ ಕಾಣುತ್ತದೆ. ಹಸಿರಿನ ನಡುವೆ ಕಂದು ಬಣ್ಣದ ಒಂದು ಗೂಟ ಏಳುತ್ತದೆ, ಸಿಳ್ಳೆ ಹಾಕುತ್ತದೆ, ಇಲ್ಲವಾಗುತ್ತದೆ. ಅಷ್ಟು ದೂರದಲ್ಲಿ ಇನ್ನೊಂದು ಗೂಟ. ಅವು ನೆಲಅಳಿಲುಗಳು. ಚಳಿಗಾಲವೆಲ್ಲ ಬಿಲದೊಳಗೆ ಮಲಗಿದ್ದು, ಹಿಮ ಕರಗಿದ ಕೂಡಲೇ ಮೇಲೆ ಬಂದು, ದನಗಳ ಮೇವನ್ನು ನಮಗಿಂತ ಮುಂಚೆ ತಾವೇ ಕೊಯ್ಯತೊಡಗುತ್ತವೆ. ಅವು ಎತ್ತಿ ಹಾಕಿದ ಮಣ್ಣುಗುಡ್ಡೆಗೆ ಸಿಕ್ಕಿ ಕೊಯ್ಲು ಯಂತ್ರದ ಅಲಗು ಮುರಿಯುತ್ತದೆ.

ದನ ಸಾಕುವ ಶಬಿಯೇರ್ ಲೆಕುಂಬೆರಿ ಎಂಬವನ ಹೊಲದಲ್ಲಿ ಅವುಗಳನ್ನು ಹೊಡೆಯುವವಳು ವರ್ಲೀನ್ ಹಾಕೆಟ್. ಮೊದಲು ಅವಳ ಅಪ್ಪ ಹೊಡೆಯುತ್ತಿದ್ದ, ಆಮೇಲೆ ಅವಳು. ಬೆಳಿಗ್ಗೆ ಹಳದಿ ಬಸ್ಸಿನಲ್ಲಿ ಕಣಿವೆಯ ಮಕ್ಕಳನ್ನು ಪೇಟೆಯ ಶಾಲೆಗೆ ಬಿಟ್ಟು ಬಂದು, ಬಸ್ಸನ್ನು ಅಂಗಳದಲ್ಲಿ ನಿಲ್ಲಿಸಿ, ತನ್ನ ಹಳೆಯ ಪಿಕಪ್ಪಿನಲ್ಲಿ ಹೊಲದ ಮೇಲಿನ ದಿಬ್ಬಕ್ಕೆ ಹೋಗುತ್ತಿದ್ದಳು. ನಾವೆಲ್ಲ ಅವಳ ಬಸ್ಸಿನಲ್ಲಿ ಓಡಾಡಿದವರೇ. ಹೆಚ್ಚು ಮಾತಿನವಳಲ್ಲ. ಕನ್ನಡಿಯಲ್ಲಿ ಒಮ್ಮೆ ಹಿಂದಕ್ಕೆ ನೋಡಿದರೆ ಬಸ್ಸಿನ ಗಲಾಟೆ ತಾನಾಗಿ ನಿಲ್ಲುತ್ತಿತ್ತು.

ದಿಬ್ಬದ ಮೇಲೆ ಅವಳು ಬೋರಲಾಗಿ ಮಲಗಿ ಕೋವಿಯ ದುರ್ಬೀನಿಗೆ ಕಣ್ಣಿಟ್ಟರೆ ಬಹಳ ಹೊತ್ತು ಸುಮ್ಮನೇ ನೋಡುತ್ತಿದ್ದಳು. ಬಿಸಿಲೇರಿದಂತೆ ಕಾವಿನ ಅಲೆಗೆ ಗಾಜಿನೊಳಗೆ ಹೊಲ ಕರಗಿ ಹೊಳೆಯಾಗಿ ಹರಿಯುತ್ತದೆ. ಹೊಳೆ ಎಡಕ್ಕೆ ಹರಿದರೆ ಗಾಳಿ ಎಡಕ್ಕೆ, ನೆಟ್ಟಗೆ ಮೇಲಕ್ಕೆ ಕುದಿದರೆ ಗಾಳಿ ನಿಂತಿದೆ. ಅದು ಕುದಿಯುವ ಗಳಿಗೆಗಾಗಿ ಅವಳು ಕಾಯುತ್ತಿದ್ದಳು. ಕಾಯುತ್ತಾ ಕಾಯುತ್ತಾ ತಾನು ನೀರಿನಡಿಯ ಒಂದು ಊರನ್ನು ನೋಡುತ್ತಿದ್ದೇನೆ, ಅಲ್ಲಿಯ ಜನ ಬಾಗಿಲಿಗೆ ಬಂದು ನಿಂತು ಒಬ್ಬರನ್ನೊಬ್ಬರು ಕರೆಯುತ್ತಿದ್ದಾರೆ ಅನ್ನಿಸುತ್ತಿತ್ತಂತೆ. ಇಷ್ಟು ದೂರದ ಗುರಿ ಕಣಿವೆಯಲ್ಲಿ ಬೇರೆ ಯಾರಿಗೂ ಇರಲಿಲ್ಲ.

ಕೋವಿ ಅಪ್ಪನದು. ಅದರ ತೋಟಾದ ಹೆಸರಿನಲ್ಲಿ ಎರಡು ಎಂಬ ಅಂಕಿ ಮೂರು ಸಲ ಬರುವುದರಿಂದ ಅದನ್ನು ಮೂರೆರಡು ಎಂದು ಕರೆಯುತ್ತೇವೆ. ಖಾಲಿ ಹಿತ್ತಾಳೆ ಕೊಳವೆಗಳನ್ನು ಕೂಡಿಟ್ಟು, ಚಳಿಗಾಲದಲ್ಲಿ ಅಡುಗೆಮನೆಯ ಮೇಜಿನ ಮೇಲೆ ಒಂದೊಂದಕ್ಕೂ ಹೊಸ ಕೇಪು ಕೂರಿಸಿ, ಮದ್ದು ತೂಗಿ ಹಾಕಿ, ಬಾಯಿಗೆ ಗುಂಡು ಒತ್ತಿ ಅವಳೇ ತೋಟಾ ಮಾಡಿಕೊಳ್ಳುತ್ತಿದ್ದಳು. ಗುಂಡನ್ನು ಆರಿಸಿದ್ದು ಮಾತ್ರ ಅಪ್ಪ. ಬೇಲಿಯಾಚೆ ಶಬಿಯೇರನ ಹಸುಗಳು ಕರುಗಳೊಂದಿಗೆ ಮೇಯುತ್ತವೆ, ನೆಲದ ತುಂಬ ಕಲ್ಲು. ಗಟ್ಟಿ ಗುಂಡು ಕಲ್ಲಿಗೆ ಬಡಿದರೆ ಎಲ್ಲಿಗಾದರೂ ಚಿಮ್ಮಿ ಹೋಗುತ್ತದೆ. ಆದ್ದರಿಂದ ತೆಳುವಾದ ತಾಮ್ರದ ಸಿಪ್ಪೆಯೊಳಗೆ ಮೆತ್ತನೆಯ ಸೀಸವಿರುವ ಗುಂಡು. ಮುಟ್ಟಿದಲ್ಲೇ ಪುಡಿಯಾಗುತ್ತದೆ. ಇಷ್ಟು ವರ್ಷ ಒಂದು ಹಸುವಿಗೂ ಗೀರು ಬಿದ್ದಿರಲಿಲ್ಲ.

ಹೊಡೆದ ಅಳಿಲುಗಳನ್ನು ಅವಳು ಹೂಳುತ್ತಿರಲಿಲ್ಲ. ಹೊಲದಂಚಿನ ಚಪ್ಪಟೆ ಕರಿಬಂಡೆಯ ಮೇಲೆ ಸಾಲಾಗಿ ಇಡುತ್ತಿದ್ದಳು. ಕಣಿವೆಯಲ್ಲಿ ಎಲ್ಲರೂ ಹಾಗೇ, ಹದ್ದುಗಳ ಪಾಲು ಎಂದು ಬಿಡುತ್ತಾರೆ. ಎದುರಿನ ಬಂಡೆಗೋಡೆಯಲ್ಲಿ ಒಂದು ಜೋಡಿ ಹೊನ್ನಹದ್ದು ಗೂಡು ಕಟ್ಟಿತ್ತು. ಆ ವರ್ಷ ಎರಡು ಮರಿ. ಹೆಣ್ಣು ಬಂಡೆಗೆ ಇಳಿದಾಗ ವರ್ಲೀನ್ ಕೋವಿಯನ್ನು ಪಕ್ಕಕ್ಕಿಟ್ಟು ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಳ್ಳುತ್ತಿದ್ದಳು. ಅದು ತಿಂದು ಮುಗಿಸುವ ತನಕ ಹೊಡೆಯುತ್ತಿರಲಿಲ್ಲ.

ಮೇ ತಿಂಗಳ ಒಂದು ಬೆಳಿಗ್ಗೆ ಆ ಹೆಣ್ಣು ಹದ್ದು ಬೇಲಿಯ ಬುಡದಲ್ಲಿ ಕೂತಿತ್ತು. ರೆಕ್ಕೆಗಳು ಒದ್ದೆ ಕಂಬಳಿಯ ಹಾಗೆ ಜೋತಿದ್ದವು. ವರ್ಲೀನ್ ಹತ್ತಿರ ಹೋದರೂ ಹಾರಲಿಲ್ಲ. ತಲೆಯನ್ನು ಮಾತ್ರ ಅವಳ ಕಡೆ ತಿರುಗಿಸಿತು. ಶಬಿಯೇರ್ ನಾಯಿಯನ್ನು ಕಟ್ಟಿಹಾಕಿ ಬಂದು ನಿಂತ.

"ಹೊಟ್ಟೆ ಬಿರಿಯೋ ಹಾಗೆ ತಿಂದಿರ್ಬೇಕು ಕಣೇ. ನೀನು ದಿನಾ ಹಬ್ಬದೂಟ ಹಾಕಿದ್ರೆ ಇನ್ನೇನಾಗತ್ತೆ?"

"ತಮಾಷೆ ಸಾಕು. ಅದರ ಕಣ್ಣು ನೋಡು."

ನೋಡಿದ ಮೇಲೆ ಅವನೂ ನಗಲಿಲ್ಲ. ವನ್ಯಜೀವಿ ಕಚೇರಿಗೆ ಫೋನು ಮಾಡಿದ. ಅಲ್ಲಿಂದ ಲಿನೆಟ್ ಎಂಬ ಹುಡುಗಿ ಬಂದು ಹದ್ದನ್ನು ಕಂಬಳಿಯಲ್ಲಿ ಸುತ್ತಿ, ಎತ್ತಿಕೊಂಡು ಹೋದಳು. ಅದು ಬದುಕಲಿಲ್ಲ. ರಕ್ತದ ತುಂಬ ಸೀಸವಿತ್ತು.

ಸುದ್ದಿ ಹೇಳಲು ಲಿನೆಟ್ ತಾನೇ ಬಂದಳು. ಬರುವಾಗ ಒಂದು ಎಕ್ಸ್‌ರೇ ಹಾಳೆ ತಂದಿದ್ದಳು. ಕರಿಬಂಡೆಯ ಮೇಲೆ ಬಿದ್ದಿದ್ದ ಒಂದು ಅಳಿಲನ್ನು ಅವಳು ಅಂದೇ ಒಯ್ದಿದ್ದಳಂತೆ. ವರ್ಲೀನ್ ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಪುಟ್ಟ ಬೆನ್ನುಮೂಳೆ, ಪುಟ್ಟ ಪಕ್ಕೆಲುಬು, ಅದರ ಸುತ್ತ ಮೋಡವಿಲ್ಲದ ಇರುಳಿನ ಆಕಾಶದ ಹಾಗೆ ಬಿಳಿ ಚುಕ್ಕೆಗಳು.

"ಎಷ್ಟು ಚೆನ್ನಾಗಿದೆ," ಅಂದಳು ವರ್ಲೀನ್ ತನಗರಿವಿಲ್ಲದೆ.

"ಅದೆಲ್ಲ ಸೀಸ," ಅಂದಳು ಲಿನೆಟ್ ಮೆಲ್ಲಗೆ. "ಗುಂಡು ಪುಡಿಯಾದಷ್ಟೂ ಮಾಂಸದಲ್ಲಿ ಹರಡ್ಕೊಳ್ಳತ್ತೆ. ನಿಮಗೆ ಯಾರೂ ಹೇಳಿಲ್ಲ ಅಂತ ಗೊತ್ತು. ನಿಮ್ಮನ್ನ ದೂರೋಕೆ ಬಂದಿಲ್ಲ ನಾನು."

"ಮತ್ತೆ ಯಾರನ್ನ ದೂರ್ತೀಯ ಮಗಳೇ? ಬಂಡೆ ಮೇಲೆ ಇಟ್ಟವಳು ನಾನೇ ತಾನೇ."

ಹಸುಗಳ ಕ್ಷೇಮಕ್ಕೆಂದು ಆರಿಸಿದ ಗುಂಡು ಅದು. ವರ್ಲೀನ್ ಹಾಳೆಯನ್ನು ಮಡಚದೆ ಹಾಗೇ ಹಿಂದಕ್ಕೆ ಕೊಟ್ಟಳು. ಸಂಜೆ ಬಂಡೆಯನ್ನು ಉಜ್ಜಿ ತೊಳೆದು, ಉಳಿದಿದ್ದನ್ನೆಲ್ಲ ಆಳವಾಗಿ ಹೂತಳು.

"ಸರಿ, ಇನ್ಮೇಲೆ ಹೂತು ಹಾಕು. ಮುಗೀತಲ್ಲ," ಅಂದ ಶಬಿಯೇರ್.

"ಏನು ಮುಗೀತು? ಗಂಡು ಒಂದೇ ಉಳಿದಿದೆ. ಬೇಟೆಗೆ ಹೋದ್ರೆ ಗೂಡು ಕಾಯೋರಿಲ್ಲ, ಗೂಡು ಕಾದ್ರೆ ಬೇಟೆ ಇಲ್ಲ. ಆ ಮರಿಗಳು ಹಾರೋ ತನಕ ಬಂಡೆ ಮೇಲೆ ಊಟ ಇರ್ಬೇಕು. ವಿಷ ಇಲ್ದೇ ಇರೋ ಊಟ."

ಸೀಸವಿಲ್ಲದ, ಬರೀ ತಾಮ್ರದ ಗುಂಡುಗಳು ಪೇಟೆಯಲ್ಲಿ ಸಿಗುತ್ತಿದ್ದವು. ಅವನ್ನು ತಂದು ಮೂರೆರಡರ ತೋಟಾ ಮಾಡಿ ಒಂದು ಕಾಗದಕ್ಕೆ ಹೊಡೆದು ನೋಡಿದಳು. ಕಾಗದದಲ್ಲಿ ದುಂಡನೆಯ ತೂತು ಇರಲಿಲ್ಲ. ಬೀಗದ ಕಣ್ಣಿನಂಥ ಉದ್ದ ತೂತುಗಳು, ಅಲ್ಲೊಂದು ಇಲ್ಲೊಂದು.

"ಇದೇನೇ ಇದು, ಗುಂಡು ಮಲಕ್ಕೊಂಡು ಹೋಗಿದೆ!" ಅಂದ ಶಬಿಯೇರ್. "ನಿಂಗಿಂತ ಸೋಮಾರಿ."

ತಾಮ್ರ ಸೀಸಕ್ಕಿಂತ ಹಗುರ. ಅದೇ ತೂಕ ಬರಬೇಕಾದರೆ ಗುಂಡು ಉದ್ದವಾಗಬೇಕು. ಉದ್ದದ ಗುಂಡು ನೆಟ್ಟಗೆ ಹಾರಬೇಕಾದರೆ ಬುಗುರಿಯಂತೆ ಹೆಚ್ಚು ಜೋರಾಗಿ ತಿರುಗಬೇಕು. ಅಪ್ಪನ ಕೋವಿಯ ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಸುರುಳಿ ಗೀರು ತೀರ ನಿಧಾನದ್ದು. ಅದು ಗಿಡ್ಡ ಸೀಸದ ಗುಂಡಿಗೆಂದೇ ಕೊರೆದದ್ದು.

ಪೇಟೆಯಲ್ಲಿ ಕೋವಿ ರಿಪೇರಿ ಮಾಡುವ ಆರ್ಡೆಲ್ ಹದ್ದುಮರಿಗಳ ವಿಷಯ ಕೇಳಿ, ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ ತಲೆಯಾಡಿಸಿದ.

"ಇದಕ್ಕೆ ಹೊಸ ನಳಿಗೆ ಹಾಕೋಷ್ಟ್ರಲ್ಲಿ ನಿನ್ನ ಮರಿಗಳಿಗೆ ಮರಿ ಹುಟ್ಟಿರತ್ತೆ. ಗಂಡನಿಗಿಂತ ಚೆನ್ನಾಗಿ ಇಟ್ಕೊಂಡಿದ್ದೀಯ ಮಾರಾಯ್ತಿ ಈ ಕೋವೀನ."

"ಗಂಡ ಇಷ್ಟು ನೇರ ಇರ್ಲಿಲ್ಲ. ಬೇರೆ ಏನಿದೆ ತೋರ್ಸು."

ಅವನು ಮೊದಲು ಇನ್ನೂರಿಪ್ಪತ್ಮೂರು ಎಂಬ ಕೋವಿಯನ್ನು ತೋರಿಸಿದ. ಅದರ ನಳಿಗೆ ಜೋರು ತಿರುಗಿಸುತ್ತದೆ, ಉದ್ದನೆಯ ತಾಮ್ರದ ಗುಂಡನ್ನು ಎಷ್ಟು ದೂರಕ್ಕಾದರೂ ನೆಟ್ಟಗೆ ಒಯ್ಯುತ್ತದೆ. ವರ್ಲೀನ್ ಅದನ್ನು ಹೆಗಲಿಗಾನಿಸಿ ನೋಡಿದಳು. ಗುರಿಯೊಳಗೆ ಗೋಡೆಯ ಮೇಲಿನ ಗಡಿಯಾರದ ಮುಳ್ಳು ಅಲುಗಾಡದೆ ನಿಂತಿತು.

"ಗುಂಡು ಒಡೆಯತ್ತಾ?"

"ಅದೊಂದೇ ಕೊರತೆ. ಪೂರ್ತಿ ತಾಮ್ರ ಅಲ್ವಾ, ಅಳಿಲಿನಂಥ ಸಣ್ಣ ಜೀವದಲ್ಲಿ ಒಡೆಯಲ್ಲ. ದಾಟ್ಕೊಂಡು ಹೋಗತ್ತೆ."

"ದಾಟಿ ಶಬಿಯೇರನ ಹಸುವಿಗೆ."

"ನಾನು ಹಾಗೆ ಹೇಳ್ಲಿಲ್ಲ."

"ಕಲ್ಲು ಹೇಳತ್ತೆ. ಬೇಡ."

ಎರಡನೆಯದು ಇನ್ನೂರನಾಲ್ಕು. ತೆಳ್ಳನೆಯ ನಳಿಗೆ, ಕಡಲೆಕಾಳಿನಷ್ಟು ಪುಟ್ಟದು ಅನ್ನಿಸುವ ಗುಂಡು. ತಾಮ್ರದ ಸಿಪ್ಪೆಯೊಳಗೆ ತಾಮ್ರ ಮತ್ತು ತವರದ ಪುಡಿಯನ್ನೇ ಒತ್ತಿ ತುಂಬಿದ್ದಾರೆ. ಮುಟ್ಟಿದಲ್ಲೇ ಮತ್ತೆ ಪುಡಿ. ಕಲ್ಲಿಗೆ ಚಿಮ್ಮುವುದಿಲ್ಲ, ಸೀಸವೂ ಇಲ್ಲ. ಈ ನಳಿಗೆಯ ತಿರುಗು ಅದಕ್ಕೆ ಸಾಕು.

"ಇದರಲ್ಲಿ ಏನು ಕೊರತೆ?" ಎಂದು ಕೇಳಿದಳು.

"ಹೊರಡುವಾಗ ಸಿಡಿಲು, ದೂರ ಹೋದ ಮೇಲೆ ಗರಿ. ನಿಮ್ಮ ಕಣಿವೆ ಗಾಳಿ ಅದನ್ನ ಎತ್ಕೊಂಡು ಹೋಗತ್ತೆ. ನಿನ್ನ ಆ ದಿಬ್ಬದ ಮೇಲಿಂದ ಹೊಡೆಯೋದು ಮರೆತುಬಿಡು. ತೆವಳ್ಕೊಂಡು ಹತ್ರ ಹೋಗ್ಬೇಕು."

ವರ್ಲೀನ್ ಬಹಳ ಹೊತ್ತು ಆ ಪುಟ್ಟ ಗುಂಡನ್ನು ಅಂಗೈಯಲ್ಲಿ ಉರುಳಿಸುತ್ತ ಕಿಟಕಿಯಾಚೆ ನೋಡಿದಳು. ದೂರದ ಗುರಿಯೆಂದರೆ ಅವಳಿಗೆ ಬರೀ ಹೆಸರಲ್ಲ. ಆ ಹರಿಯುವ ಹೊಲ, ಆ ಕುದಿಯುವ ಗಳಿಗೆ, ಅಪ್ಪ ಪಕ್ಕದಲ್ಲೇ ಮಲಗಿ "ಈಗ" ಅಂದ ಹಾಗಾಗುವುದು, ಎಲ್ಲ ಅಲ್ಲೇ ಇತ್ತು. ಕೊನೆಗೆ ಮೂರೆರಡನ್ನು ಆರ್ಡೆಲನ ಮೇಜಿನ ಮೇಲೆ ಬಿಟ್ಟು, ಅದರ ಬದಲಿಗೆ ಇನ್ನೂರನಾಲ್ಕನ್ನು ತೆಗೆದುಕೊಂಡು ಬಂದಳು. ದಾರಿಯುದ್ದಕ್ಕೂ ಪಿಕಪ್ಪಿನ ರೇಡಿಯೋ ಹಾಕಲಿಲ್ಲವಂತೆ.

ಮರುದಿನದಿಂದ ಅವಳು ನೀರುಗಾಲುವೆಯ ಏರಿಯ ಮರೆಯಲ್ಲಿ ಮೊಣಕೈ ಊರಿ ತೆವಳತೊಡಗಿದಳು. ಅರವತ್ತು ದಾಟಿದ ಮೈ.

"ಒಳ್ಳೇ ಉಡದ ಹಾಗೆ ಕಾಣ್ತೀಯ," ಎಂದು ಶಬಿಯೇರ್ ಬೇಲಿಯಿಂದ ಕೂಗಿದ.

"ಉಡ ಕಚ್ಚತ್ತೆ. ಹತ್ರ ಬಾ, ತೋರಿಸ್ತೀನಿ."

ಹತ್ತಿರದಿಂದ ಎಲ್ಲವೂ ಬೇರೆಯಾಗಿತ್ತು. ಅಳಿಲುಗಳು ಮೇವಿನ ದಂಟನ್ನು ಎರಡು ಕೈಯಲ್ಲಿ ಹಿಡಿದು ಕಡಿಯುವ ಸದ್ದು ಕೇಳುತ್ತಿತ್ತು. ಗಾಳಿ ಜೋರಾದಾಗ ಹೊಡೆಯದೆ ಹಾಗೇ ಮಲಗಿರುತ್ತಿದ್ದಳು. ಸೇಜ್ ಎಂಬ ಕುರುಚಲು ಗಿಡದ ವಾಸನೆ ಮೂಗಿಗಡರಿ, ಮೋಡಗಳ ನೆರಳು ಬೆನ್ನಿನ ಮೇಲೆ ಹಾದುಹೋಗಿ, ತಾನು ಮಲಗಿರುವುದು ಹೊಲದಲ್ಲೋ ಕನಸಿನಲ್ಲೋ ಎಂದು ತಿಳಿಯದಾಗುತ್ತಿತ್ತು. ಗಾಳಿ ನಿಂತರೆ ಹೊಡೆದು, ಅಳಿಲನ್ನು ಬಂಡೆಯ ಮೇಲಿಟ್ಟು ಬರುತ್ತಿದ್ದಳು.

ಗಂಡು ಹದ್ದು ಬರಲಿಲ್ಲ. ಬಂಡೆ ಕೆಲವು ದಿನ ಖಾಲಿಯಿದ್ದುದನ್ನು ಕಂಡು ಅದು ಬೇರೆ ಕಡೆ ಹೋಗತೊಡಗಿತ್ತು. ಇಟ್ಟದ್ದನ್ನೆಲ್ಲ ಕಾಗೆಗಳು ತಿಂದವು. ಒಂದು ದಿನ ದುರ್ಬೀನಿನಲ್ಲಿ ನೋಡಿದರೆ ಗೂಡಿನಲ್ಲಿ ಒಂದೇ ಮರಿ ಕಂಡಿತು. ಸಂಜೆಯವರೆಗೂ ನೋಡಿದಳು. ಒಂದೇ. ಅಂದು ಶಬಿಯೇರ್ ಬೇಲಿ ದಾಟಿ ಬಂದ. ಮನೆಯಲ್ಲಿ ಸುಟ್ಟ ದೊಡ್ಡ ರೊಟ್ಟಿಯನ್ನು ಮುರಿದು ಅರ್ಧ ಅವಳ ಕೈಗಿಟ್ಟು, ಪಕ್ಕದಲ್ಲಿ ಕೂತ.

"ನಾಳೆ ಕಾಗೆ ಕಾಯೋಕೆ ನಾನು ಬರ್ತೀನಿ," ಅಂದ. "ಕೋವಿ ಹಿಡಿಯೋಕೆ ಕೈ ನಡುಗತ್ತೆ. ಕಲ್ಲು ಎಸೆಯೋಕೆ ನಡುಗಲ್ಲ."

ಅವನು ಕಾಗೆಗೆ ಕಲ್ಲು ಎಸೆದ, ಅವಳು ಬಂಡೆಗೆ ಅಳಿಲು ಇಟ್ಟಳು. ಹೀಗೆ ಎಷ್ಟೋ ದಿನ. ಒಂದು ಮಧ್ಯಾಹ್ನ ಗಾಳಿ ಪೂರ್ತಿ ಬಿದ್ದುಹೋಗಿ ಕಣಿವೆ ಗಾಜಿನೊಳಗಿಟ್ಟಂತೆ ನಿಂತಿದ್ದಾಗ, ನೆರಳೊಂದು ಹೊಲದ ಮೇಲೆ ಜಾರಿ ಬಂತು. ಸಿಳ್ಳೆಗಳೆಲ್ಲ ಒಟ್ಟಿಗೆ ನಿಂತವು. ಗಂಡು ಹದ್ದು ಬಂಡೆಯ ಮೇಲಿಳಿದು, ಸುತ್ತ ನೋಡಿ, ಒಂದನ್ನು ಉಗುರಿಗೆ ಸಿಕ್ಕಿಸಿಕೊಂಡು ಗೂಡಿನ ಕಡೆ ಭಾರವಾಗಿ ಹಾರಿತು. ವರ್ಲೀನ್ ಏರಿಯ ಹಿಂದೆ ಕೆನ್ನೆಯನ್ನು ನೆಲಕ್ಕೊತ್ತಿ ಮಲಗಿದ್ದಳು. ಶಬಿಯೇರನ ಕೈಯಲ್ಲಿ ಎಸೆಯಬೇಕಿದ್ದ ಕಲ್ಲು ಹಾಗೇ ಇತ್ತು.

ಆಮೇಲೆ ಅದು ದಿನವೂ ಬಂತು.

ಜೂನ್ ಕೊನೆಗೆ, ಬೇಸಿಗೆಯ ಕಾವಿಗೆ ಅಳಿಲುಗಳು ಮತ್ತೆ ಬಿಲಕ್ಕಿಳಿಯುವ ಹೊತ್ತಿಗೆ, ಮರಿ ಗೂಡಿನಂಚಿನಿಂದ ಜಿಗಿಯಿತು. ಹಾರಿತು ಎನ್ನುವ ಹಾಗಿಲ್ಲ. ಗಾಳಿಯ ಮೇಲೆ ಉರುಳಿಕೊಂಡು ಬಂದು, ತುಂತುರು ಕೊಳವೆಗಳು ನೀರು ಚಿಮ್ಮುತ್ತಿದ್ದ ಹೊಲದ ನಡುವೆ ಬಿತ್ತು. ನೆನೆದು ತೊಪ್ಪೆಯಾಗಿ, ರೆಕ್ಕೆ ಎತ್ತಲಾರದೆ, ಕೊಕ್ಕು ತೆರೆದು ಕೂತಿತು. ನಾಯಿ ಓಡಿತು. ವರ್ಲೀನ್ ನಾಯಿಗಿಂತ ಮುಂಚೆ ಓಡಿ ನಡುವೆ ನಿಂತಳು. ಅವಳೂ ನೆನೆದಳು. ಮೇಲೆ ತಂದೆ ಹದ್ದು ಸುತ್ತು ಹಾಕುತ್ತಿತ್ತು.

"ಅಂದ್ರೆ ಇನ್ನು ಇವತ್ತು ಹೊಲಕ್ಕೆ ನೀರು ಬಿಡೋ ಹಾಗಿಲ್ಲ ಅನ್ನು," ಅಂದ ಶಬಿಯೇರ್ ಬೇಲಿಯ ಹತ್ತಿರದಿಂದ.

"ಇಲ್ಲ."

"ಬಿಸಿಲಲ್ಲಿ ಅದರ ರೆಕ್ಕೆ ಒಣಗೋ ತನಕ?"

"ಒಣಗಿ ಹಾರೋ ತನಕ."

ಅವನು ನಾಯಿಯನ್ನು ಕೊರಳಪಟ್ಟಿ ಹಿಡಿದೆಳೆದುಕೊಂಡು, ನೀರಿನ ವಾಲ್ವ್ ಮುಚ್ಚಲು ನಿಧಾನವಾಗಿ ನಡೆದು ಹೋದ.