ಫಿಲಡೆಲ್ಫಿಯಾದಲ್ಲಿ ಒಂದು ಆಯೇರಿ

ಬಾಡಿಗೆ ಕೋಣೆ ನೋಡಲು ಹೋದ ದಿನ ಮನೆಯೊಡತಿ ಮೆಟ್ಟಿಲ ಮೇಲೆ ಸತ್ತು ಬಿದ್ದಿದ್ದರು. ತಲೆ ಕೆಳಗೆ, ಒಂದು ಕೈ ಕಟಕಟೆಗೆ, ಕಣ್ಣು ಮುಚ್ಚಿತ್ತು. ನಾನು ಪೆಟ್ಟಿಗೆ ಕೈಬಿಟ್ಟು "ಯವ್ವಾ!" ಎಂದು ಚೀರಿದೆ. ಹೆಣ ಒಂದು ಕಣ್ಣು ತೆರೆದು, "ಖರೇ ಸತ್ತಂಗ ಕಾಣಾಕತ್ತಿತ್ತೇನು?" ಎಂದು ಕೇಳಿತು.

ಅವರೇ ಲೊರೇನ್, ಎಂಬತ್ತರ ಹತ್ತಿರದ ಕಪ್ಪು ಅಮೆರಿಕನ್ ನಟಿ. ಕೇಳಿದ್ದು ಇಂಗ್ಲಿಷಿನಲ್ಲೇ ಅನ್ನಿ. ಆದರೆ ಅದು ಅವರ ದಕ್ಷಿಣದ ಹಳ್ಳಿಯ ಗಡಸು ಇಂಗ್ಲಿಷು. ಬೆಂಗಳೂರಿನವರು ನಮ್ಮ ಮಾತಿಗೆ ನಗುವ ಹಾಗೆ ಇಲ್ಲಿನ ಶಿಷ್ಟರು ಅದಕ್ಕೆ ನಗುತ್ತಾರಂತೆ. ನನ್ನ ಕಿವಿಗೆ ಅದು ನಮ್ಮ ಭಾಷೆಯಾಗಿಯೇ ಬೀಳುತ್ತದೆ, ಹಾಗೆಯೇ ಬರೆಯುತ್ತೇನೆ.

ಸಿಂದಗಿಯಲ್ಲಿ ಗಣಿತ ಕಲಿಸುತ್ತಿದ್ದ ನನಗೆ ಇಲ್ಲಿನ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಹೂವಿನ ಹಿಪ್ಪರಗಿಯಲ್ಲಿರುವ ಅವ್ವನಿಗೆ ಫೋನಿನಲ್ಲಿ, "ರಿಟೈರ್ಡ್ ಟೀಚರಮ್ಮನ ಮನಿ ಸಿಕ್ಕೇತಿ" ಎಂದೆ. ನಾಟಕದವಳ ಮನೆ ಎನ್ನಲು ನಾಲಿಗೆ ಏಳಲಿಲ್ಲ.

ಆ ಮನೆ ನನ್ನನ್ನು ಬದುಕಿಸಿತು. ಇಲ್ಲಿ ಮನೆಯ ಮುಂದಿನ ಮೆಟ್ಟಿಲಿಗೆ 'ಸ್ಟೂಪ್' ಎನ್ನುತ್ತಾರೆ. ನಮ್ಮ ಕಟ್ಟೆಯೇ, ಹೋಗಿಬರುವವರನ್ನು ಮಾತಾಡಿಸುವ ಜಾಗ. ಶಾಲೆಯಲ್ಲಿ ಹುಡುಗರು ನನ್ನ ಉಚ್ಚಾರಕ್ಕೆ ನಕ್ಕ ದಿನಗಳಲ್ಲಿ ಲೊರೇನ್ ಅಲ್ಲಿ ನನ್ನನ್ನು ಕೂರಿಸಿಕೊಂಡು 'ಗ್ರಿಟ್ಸ್' ತಿನ್ನಿಸುತ್ತಿದ್ದರು. ಅದು ಮೆಕ್ಕೆಜೋಳದ ನುಚ್ಚು. ಮಜ್ಜಿಗೆ ಕಲಸಿ, ಮೇಲೆ ನಮ್ಮ ಇಂಡಿ ತಾಲೂಕಿನ ನಿಂಬೆಯ ಉಪ್ಪಿನಕಾಯಿ ಇಟ್ಟರೆ ಮನೆಯ ಊಟವೇ.

ತಿನ್ನುವಾಗ ತಮ್ಮ ಕಥೆ ಹೇಳುತ್ತಿದ್ದರು. ಚರ್ಚಿನ ಅಂಗಳದ ನಾಟಕ, ಊರೂರು ತಿರುಗುವ ತಂಡ, ಆಮೇಲೆ ಸಿನಿಮಾ. ಸಿನಿಮಾದಲ್ಲಿ ಸದಾ ಮನೆಗೆಲಸದವಳು. "ಎಷ್ಟ ಮಂದಿಗೆ ಕಾಫಿ ಕೊಟ್ಟೇನಿ! ನನಗ ಯಾರರೆ ಒಂದ ಕಪ್ ಕೊಟ್ರೇನು?" ಎಂದು ನಗುವರು. ಟಿವಿಯಲ್ಲಿ ಅಜ್ಜಿ, ದಾದಿ, ಒಂದೊಂದೇ ಮಾತು. ಈಗ ಒಂದು ಸಣ್ಣ ರಂಗಮಂದಿರ ಅವರಿಗೆ ಮುಖ್ಯ ಪಾತ್ರ ಕೊಟ್ಟಿತ್ತು, ಹೊಲ ಬಿಟ್ಟು ಹೋಗಲೊಲ್ಲದ ಮುದುಕಿಯದು. ಮೆಟ್ಟಿಲ ಮೇಲಿನ ಸಾವು ಅದರದೇ ತಾಲೀಮು. "ಇದೊಂದು ಕೆಡಬಾರದವಾ" ಎನ್ನುತ್ತಿದ್ದರು.

ಕೆಡಿಸಿದವಳು ನಾನು.

ನಮ್ಮ ಕಡೆಯ ನಾಟಕ ನಿಮಗೆ ಗೊತ್ತು. ನಟಿ ಕರುಳು ಹಿಂಡಿದಳೆಂದರೆ ಮಂದಿ ಆಟ ನಿಲ್ಲಿಸಿ, ಸ್ಟೇಜು ಹತ್ತಿ, ಸೀರೆ ಕೊಟ್ಟು ಆಯೇರಿ ಮಾಡುತ್ತಾರೆ. ಮೈಕಿನಲ್ಲಿ ಕೊಟ್ಟವರ ಹೆಸರು ಕೂಗಿ ಆಟ ಮುಂದುವರಿಸುತ್ತಾರೆ. ಅಪ್ಪ ಇದ್ದಾಗ ನಮ್ಮ ಮನೆಯ ಆಯೇರಿ ತಪ್ಪಿದ್ದಿಲ್ಲ. ಮೊದಲ ಪ್ರದರ್ಶನದ ಮಧ್ಯಾಹ್ನ ನಾನೂ ಅವ್ವ ನನಗೆಂದು ಕಳಿಸಿದ್ದ ಇಳಕಲ್ ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂತೆ.

ಲೊರೇನ್ ನೆಲಕ್ಕೆ ಕೂತು, ಮಣ್ಣು ಬೊಗಸೆಯಲ್ಲಿ ಹಿಡಿದು, ಗಂಡನನ್ನು ಹೂತ ಜಾಗ ತೋರಿಸಿದರು. ಸಭೆಯಲ್ಲಿ ಒಂದು ಚಪ್ಪಾಳೆಯಿಲ್ಲ, ಸೀಟಿಯಿಲ್ಲ. ಎಂಥ ಕಲ್ಲು ಮಂದಿ ಇವರು ಎಂದು ನನಗೆ ಸಿಟ್ಟೇ ಬಂತು. ಕಣ್ಣೊರೆಸಿಕೊಂಡು, ಸೀರೆ ಹಿಡಿದು, ಸರಸರ ರಂಗ ಹತ್ತಿಬಿಟ್ಟೆ.

ಅವರು ನನ್ನನ್ನು ಗುರುತಿಸಲಿಲ್ಲ. ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದು ಹಿಂದೆ ಸರಿದರು, ಗೋಡೆಗೆ ತಾಗಿ ನಿಂತರು. ದೀಪ ಆರಿತು. ಯಾರೋ ನನ್ನ ರಟ್ಟೆ ಹಿಡಿದು ಹೊರಗೆ ಬಿಟ್ಟರು. ಆಟ ಮತ್ತೆ ಶುರುವಾಯಿತಂತೆ, ಆದರೆ ಅವರು ಮಾತು ಮರೆತು ಮರೆತು ತಡವರಿಸಿದರಂತೆ. ಭೂಮಿ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

ಸಂಜೆ ಸ್ಟೂಪಿನ ಮೇಲೆ ತಲೆ ತಗ್ಗಿಸಿ ಕೂತಿದ್ದೆ. ಲೊರೇನ್ ಬಂದು ಪಕ್ಕದಲ್ಲಿ ಕುಕ್ಕರಿಸಿದರು.

"ನಾ ಸಣ್ಣಾಕಿ ಇದ್ದಾಗ ಮಂದ್ಯಾಗಿಂದ ಯಾರರೆ ಎದ್ದು ಸ್ಟೇಜಿಗೆ ಬಂದ್ರಂದ್ರ ನಮ್ಮನ್ನ ಹೊಡ್ಯಾಕs ಬರ್ತಿದ್ರು. ಬಿಳೇರು. ಇವತ್ತ ಬರೇ ಕಾಲಿನ ಸಪ್ಪಳ ಕೇಳ್ತು ನೋಡು, ಮೈ ಎಲ್ಲಾ ನೆನಪು ಮಾಡ್ಕೊಂತು."

ನಾನು ಅಳುತ್ತಳುತ್ತ ಆಯೇರಿಯ ಅರ್ಥ ಹೇಳಿದೆ. ಅವರು ಸೀರೆ ಬಿಡಿಸಿ ಕೆಂಪು ಸೆರಗನ್ನು ಕೆನ್ನೆಗೆ ಒತ್ತಿಕೊಂಡರು.

"ಹಂಗಾರ ನಿಮ್ಮೂರಾಗ ನಟಿ ಅಂದ್ರ ರಾಣಿ! ಆಟ ಮುಗದ ಮ್ಯಾಲೆ ಉಣ್ಣಾಕ ಯಾರ ಮನಿಗೆ ಕರಕೊಂಡು ಹೊಕ್ಕೀರಿ?"

ನಮ್ಮೂರಿಗೆ ಬಂದ ನಟಿಯರು ಮಲಗುತ್ತಿದ್ದುದು ಊರ ಶಾಲೆಯ, ನಮ್ಮ ಬಾಯಲ್ಲಿ ಸಾಲಿಯ, ವರಾಂಡದಲ್ಲಿ. ಅಪ್ಪ ಆಯೇರಿ ಮಾಡಿದ ಸೀರೆ ಉಟ್ಟು ನಮ್ಮ ಮನೆಗೆ ನೀರು ಕೇಳಿ ಬಂದವಳಿಗೆ ಅವ್ವ ಬಾಗಿಲ ಹೊರಗೇ, ಬೊಗಸೆಗೆ ಮೇಲಿನಿಂದ ಸುರಿದಿದ್ದಳು. ಇಲ್ಲಿ ನಾನು ಲೊರೇನರ ತಟ್ಟೆಯಲ್ಲೇ ಉಣ್ಣುತ್ತೇನೆ.

"ನಮ್ಮ ಮನಿಗೆ" ಎಂದೆ.

"ಮತ್ತ ನಾನೂ ಬರ್ತೇನಿ. ಇದs ಸೀರಿ ಉಟ್ಟು. ನಿಮ್ಮವ್ವನ್ನ ಕೇಳು."

ಮರುದಿನ ಫೋನು ಮಾಡಿ ಅವ್ವನಿಗೆ ಇದ್ದದ್ದು ಹೇಳಿದೆ. ಟೀಚರಲ್ಲ, ನಾಟಕದಾಕಿ. ನಮ್ಮ ಮನೆ ನೋಡಬೇಕಂತಾಳೆ. ಅವ್ವ ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಬರ್ಲಿ ಬಿಡವಾ, ಪಾಪ, ವಯಸ್ಸಾದಾಕಿ" ಎಂದಳು ಅಕ್ಕರೆಯಿಂದಲೇ. "ಸೂಟಿಯೊಳಗ ಕರಕೊಂಡು ಬಾ. ಆಗ ಸಾಲಿ ಖಾಲಿ ಇರ್ತೇತಿ. ಹಾಸಿಗಿ ಅಲ್ಲಿಗೆ ನಾನs ಕಳಸ್ತೇನಿ."

ಲೊರೇನ್ ಅಡುಗೆಮನೆಯಿಂದ ನನ್ನ ತಟ್ಟೆ ಹಿಡಿದು ಬಂದರು. "ಏನಂದ್ಲು ನಿಮ್ಮವ್ವ?"

"ಬರ್ರಿ ಅಂದ್ಲು."

ಅವರಿಗೆ ಆ ಕನ್ನಡ ಪದ ಹಿಡಿಸಿಬಿಟ್ಟಿತು. ನಮ್ಮ ಮನೆಯ ಬಾಗಿಲಲ್ಲಿ ಅವ್ವ ಹೇಳುವಂತೆ, ಕೈ ಮುಂದೆ ಚಾಚಿ, ಈಗ ದಿನಾ ತಾಲೀಮು ಮಾಡುತ್ತಿದ್ದಾರೆ: ಬರ್ರಿ, ಒಳಗ ಬರ್ರಿ. ನಾನು ಶಾಲೆಯಿಂದ ಮನೆಗೆ ಬಂದ ಕೂಡಲೇ ನನಗೂ ಹಾಗೆಯೇ ಹೇಳುತ್ತಾರೆ. ತಲೆ ತಗ್ಗಿಸಿಕೊಂಡು ಒಳಗೆ ಹೋಗುತ್ತೇನೆ.